ಹಂಪಿಯ ಯೋಜನೆಯಲ್ಲಿ ಹಂಪಿಯವರೆಲ್ಲಿ?

ಪಾರಂಪರಿಕ ತಾಣಗಳ ನಿರ್ವಹಣೆಯ ಮಾತು ಬಂದಾಗ ಹಂಪಿಯನ್ನು ಮಾದರಿಯೆಂದು ಎತ್ತಿ ಹೇಳುವವರು ಬಹಳ. 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿ 2006ರಲ್ಲಿ ಹೊರಬಂದದ್ದು, ಪ್ರತ್ಯೇಕ ಕಾಯ್ದೆ ಮತ್ತು ಪ್ರಾಧಿಕಾರ, ನಳಿನಿ ಠಾಕೂರ್ ನೇತೃತ್ವದ ಸಮಗ್ರ ನಿರ್ವಹಣಾ ಯೋಜನೆ, ಎಲ್ಲವೂ ಓದುಗರಿಗೆ ತಿಳಿದದ್ದೇ. ಆ ಯೋಜನೆ ಹಂಪಿಯನ್ನು ಜನ ಬಾಳುವ ನೆಲವೆಂದು ಕಂಡದ್ದು ದೊಡ್ಡ ಹೆಜ್ಜೆ. ಆದರೆ ಇಲ್ಲಿನ ಯೋಜನೆ ಜನರನ್ನು ಒಳಗೊಂಡಿದೆ ಎಂಬ ಹೊಗಳಿಕೆಗೆ ಆಧಾರ ತೀರ ತೆಳ್ಳಗಿದೆ.

ಆಧಾರವೆಂದು ತೋರಿಸುವುದು ಆಕ್ಷೇಪಣೆಯ ಅವಕಾಶವನ್ನು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರು 60 ದಿನಗಳೊಳಗೆ ಅಭಿಪ್ರಾಯ ಸಲ್ಲಿಸಬಹುದು. ಅಷ್ಟು ಹೊತ್ತಿಗೆ ವಲಯಗಳ ಗೆರೆ ಬಿದ್ದು, ನಕಾಶೆಗೆ ಬಣ್ಣ ತುಂಬಿರುತ್ತದೆ. ಯಾವುದನ್ನು ಉಳಿಸಬೇಕು, ಯಾರಿಗಾಗಿ ಎಂಬ ಮೂಲ ಪ್ರಶ್ನೆ ಮುಗಿದುಹೋಗಿ, ತಮ್ಮ ಸರ್ವೆ ನಂಬರು ಯಾವ ಬಣ್ಣದೊಳಗೆ ಬಿತ್ತು ಎಂಬುದಷ್ಟೇ ಊರವರಿಗೆ ಉಳಿಯುತ್ತದೆ. ಪಹಣಿ ಇರುವವನು ಹೇಗೋ ಒಂದು ಅರ್ಜಿ ಬರೆದಾನು. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವನು, ರಥಬೀದಿಯಲ್ಲಿ ಎಳನೀರು ಮಾರುವವಳು ಯಾವ ಸರ್ವೆ ನಂಬರು ಬರೆಯಬೇಕು? 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಂದ ನೂರಾರು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದಾಗ, ಈ ಅವಕಾಶ ಯಾರ ನೆರವಿಗೂ ಬರಲಿಲ್ಲ.

ಅವರು ಒತ್ತುವರಿದಾರರು, ನ್ಯಾಯಾಲಯವೇ ತೆರವಿಗೆ ಹೇಳಿತ್ತು ಎಂದು ಸಂರಕ್ಷಣಾವಾದಿ ವಿಮರ್ಶಕರು ಉತ್ತರಿಸುತ್ತಾರೆ. ಮಂಟಪದ ಕಂಬಗಳ ನಡುವೆ ಗೋಡೆ ಎಬ್ಬಿಸಿ ಕಾಂಕ್ರೀಟ್ ಸುರಿದದ್ದು ನಿಜ, ಅದು ತಪ್ಪು. ಆದರೆ ಹಂಪಿಯನ್ನು ಅಪಾಯದ ಪಟ್ಟಿಗೆ ತಳ್ಳಿದ್ದು ಈ ಅಂಗಡಿಗಳಲ್ಲ, ಸರ್ಕಾರವೇ ಕಟ್ಟಲು ಹೊರಟ ಸೇತುವೆಗಳು. ಇದೇ ವಿಮರ್ಶಕರು ಹೊಳೆಯಾಚೆಯ ಆನೆಗೊಂದಿ ಕಡೆಯ ಜನ ಸೇತುವೆ ಬೇಕೆಂದದ್ದನ್ನು ನೆನಪಿಸಿ, ಜನರನ್ನು ಕೇಳಿದರೆ ಸ್ಮಾರಕ ಉಳಿಯದು ಎನ್ನುತ್ತಾರೆ. ಈ ವಾದ ಅವರಿಗೇ ತಿರುಗುತ್ತದೆ. ಜನರಿಗೆ ಬೇಕಿದ್ದದ್ದು ಹೊಳೆ ದಾಟುವ ದಾರಿ. ಅದು ಸ್ಮಾರಕಗಳ ನಡುವೆಯೇ ಹಾಯಬೇಕೆಂಬ ಹಟವಲ್ಲ. ಆ ಸೇತುವೆಗಳಲ್ಲೊಂದಾದ ತಳವಾರಘಟ್ಟದ ಸೇತುವೆ 2009ರಲ್ಲಿ ಕುಸಿದ ಮೇಲೆ ಬುಕ್ಕಸಾಗರ–ಕಡೇಬಾಗಿಲು ನಡುವೆ ಬೇರೆ ಸೇತುವೆ ಆಯಿತಲ್ಲ. ಮೊದಲೇ ಎರಡೂ ದಡದವರನ್ನು ಕೂರಿಸಿ ಮಾತಾಡಿದ್ದರೆ ಆ ಜಾಗ ಮೊದಲೇ ಚರ್ಚೆಗೆ ಬರಬಹುದಿತ್ತು. ಇನ್ನೊಂದು ಗುಂಪಿನ ವಿಮರ್ಶಕರು ಊರವರು ಹೇಳಿದ್ದೆಲ್ಲ ಸರಿ ಎನ್ನುತ್ತಾರೆ. ಅದೂ ಒಪ್ಪುವ ಮಾತಲ್ಲ: ಹೋಟೆಲು ಮಾಲೀಕನ ಹಿತ, ಕೂಲಿಯವನ ಹಿತ ಒಂದೇ ಆಗಿರುವುದಿಲ್ಲ. ಆ ಭಿನ್ನಮತ ಬಯಲಿಗೆ ಬರಲೆಂದೇ ಸಭೆ ಬೇಕು.

ಹಾಗಾಗಿ ಆಕ್ಷೇಪಣೆಯ ಅವಕಾಶವನ್ನು ಪಾಲ್ಗೊಳ್ಳುವಿಕೆ ಎಂದು ಕರೆಯುವುದನ್ನು ನಿಲ್ಲಿಸಬೇಕು. ಸರ್ವೆಗೆ ಮುಂಚೆಯೇ ಹಂಪಿ, ಕಮಲಾಪುರ, ಆನೆಗೊಂದಿಗಳಲ್ಲಿ ಸಭೆ ಸೇರಿಸಿ, ಪಹಣಿ ಇಲ್ಲದವರನ್ನೂ ಕರೆದು, ಅವರ ಮಾತನ್ನು ನಡಾವಳಿಯಲ್ಲಿ ದಾಖಲಿಸಿ, ಒಪ್ಪದಿದ್ದರೆ ಏಕೆಂದು ಲಿಖಿತವಾಗಿ ತಿಳಿಸಲಿ. ಅಲ್ಲಿಯವರೆಗೆ ಹಂಪಿಯ ಯೋಜನೆಯನ್ನು ಜನರ ಯೋಜನೆ ಎನ್ನಲಾಗದು.