ಹುಲಿಗೆ ಎಷ್ಟು ಪುಟ?

ಶಾಲೆಯ ಗ್ರಂಥಾಲಯಕ್ಕೆಂದು ಹಳ್ಳಿ ಮೇಷ್ಟ್ರ ಕೈಗೆ ಬರುವ ದುಡ್ಡು ಎಷ್ಟೆಂಬುದು ನಮಗೆಲ್ಲ ಗೊತ್ತು. ಅದರಲ್ಲಿ ಗೋವಿನ ಹಾಡಿನ ಚಿತ್ರಪುಸ್ತಕ ಒಂದೇ ಒಂದನ್ನು ಕೊಳ್ಳಬೇಕೆಂದರೆ ಯಾವುದನ್ನು ಕೊಳ್ಳುವುದು? ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಹಾಡು ಬೇರೆ, ಚಿತ್ರ ಬೇರೆ. ಹಾಡು ಕೇಳುವ ಮಗು ತನಗೆ ಗೊತ್ತಿರುವ ದನವನ್ನೇ, ತನ್ನ ಕೇರಿಯ ಹಿಂದಿನ ಗುಡ್ಡವನ್ನೇ ಕಣ್ಣ ಮುಂದೆ ತಂದುಕೊಳ್ಳುತ್ತೆ. ಚಿತ್ರಪುಸ್ತಕ ಆ ಕೆಲಸವನ್ನು ಮಗುವಿನ ಕೈಯಿಂದ ಕಿತ್ತುಕೊಂಡು ತಾನೇ ಮಾಡಿಬಿಡುತ್ತೆ. ಒಂದು ಸಲ ನೋಡಿದ ಮೇಲೆ ಸಾಯುವತನಕ ಪುಣ್ಯಕೋಟಿ ಅಂದರೆ ಅದೇ ಹಸು, ಅರ್ಬುತ ಅಂದರೆ ಅದೇ ಹುಲಿ.

ನಾವು ತಿರುವಿ ನೋಡಿದ ಪುಸ್ತಕಗಳಲ್ಲಿ ಹೆಚ್ಚಿನವುಗಳ ಹಸು ಹಾಲಿನಷ್ಟು ಬಿಳಿ. ಹಣೆಗೆ ಕುಂಕುಮ, ಕೊರಳಿಗೆ ಹೂವಿನ ಹಾರ. ಅದು ಮೇಯಲು ಹೊರಟಿದೆಯೋ ಮೆರವಣಿಗೆಗೆ ಹೊರಟಿದೆಯೋ ತಿಳಿಯದು. ನಮ್ಮ ದನ ಹಂಗಿರುವುದಿಲ್ಲ. ಹಳ್ಳಿಕಾರ್, ಅಮೃತಮಹಲ್ ಬೂದು ಬಣ್ಣದವು. ಮಲೆನಾಡು ಗಿಡ್ಡ ಕಪ್ಪು ಇಲ್ಲವೇ ಕಂದು, ಮೈಯಲ್ಲೂ ಸಣ್ಣದು. ಗೊಲ್ಲ ಕಾಳಿಂಗನಂತೂ ಕ್ಯಾಲೆಂಡರಿನ ಕೃಷ್ಣ. ದನ ಕಾಯುವ ಹುಡುಗನ ಕಾಲಿಗೆ ಮುಳ್ಳು ಚುಚ್ಚುತ್ತೆ, ಅವನ ಅಂಗಿ ಹರಿದಿರುತ್ತೆ ಎಂಬುದು ಆ ಕುಂಚಕ್ಕೆ ಗೊತ್ತೇ ಇಲ್ಲ. ಜೀತ ರದ್ದಿನ ಕಾಯ್ದೆ ಬಂದದ್ದು ೧೯೭೬ರಲ್ಲಿ. ಅದಕ್ಕೆ ಮುಂಚೆಯೂ, ಅದು ಬಂದ ಮೇಲೂ, ಅಪ್ಪನ ಸಾಲಕ್ಕೆ ಒಡೆಯನ ದನದ ಹಿಂದೆ ನಡೆದ ಎಷ್ಟೋ ಹುಡುಗರು ನಮ್ಮ ಹಟ್ಟಿಯವರು. ಅವರ ಮೊಮ್ಮಕ್ಕಳು ಇವತ್ತು ಶಾಲೆಯಲ್ಲಿ ಈ ಪುಸ್ತಕ ತೆರೆದರೆ ರೇಷ್ಮೆಯ ಪೇಟ, ಬೆಳ್ಳಿಯ ಕಡಗ.

ಇನ್ನು ಹುಲಿ. ಹಾಡಿನ ಹುಲಿ ಹಸಿದ ಹುಲಿ. ಅದು ಮಾಡಿದ ತಪ್ಪು ಹಸಿವೊಂದೇ. ಕೈಗೆ ಸಿಕ್ಕ ಹಸುವನ್ನು, ಕರುವಿಗೆ ಹಾಲೂಡಿಸಿ ಬರುತ್ತೇನೆ ಎಂದ ಒಂದು ಮಾತಿಗೆ ಬಿಟ್ಟು ಕಳಿಸಿತಲ್ಲ, ಅದೂ ಸತ್ಯದ ಕೆಲಸವೇ ಅಲ್ಲವೇ? ಮಾತು ಕೊಟ್ಟವಳನ್ನು ಎಲ್ಲರೂ ಹೊಗಳುತ್ತಾರೆ. ಆ ಮಾತನ್ನು ಖಾಲಿ ಹೊಟ್ಟೆಯಲ್ಲಿ ನಂಬಿದವನ ಮಾತೇ ಇಲ್ಲ. ಚಿತ್ರಪುಸ್ತಕಗಳು ಹುಲಿಯನ್ನು ಬರೆಯುವುದು ಎರಡೇ ಕಡೆ. ಒಂದು, ಬಾಯಲ್ಲಿ ರಕ್ತ ಸುರಿಸಿಕೊಂಡು ಮೇಲೆ ಹಾರುವಾಗ. ಇನ್ನೊಂದು, ಕೊನೆಗೆ ಬೀಳುವಾಗ. ನಡುವೆ ಅದು ಒಬ್ಬಂಟಿಯಾಗಿ ಕಾದು ಕೂತಿತ್ತು. ಆ ಕಾಯುವಿಕೆಗೆ ಒಂದು ಪುಟವಾದರೂ ಇರುವ ಪುಸ್ತಕ ಸಿಕ್ಕರೆ ಕಣ್ಣುಮುಚ್ಚಿ ಕೊಳ್ಳಿ.

ಕೊನೆಯ ವಿಚಾರದಲ್ಲಿ ನಮ್ಮ ಮೇಷ್ಟ್ರುಗಳೇ ತಬ್ಬಿಬ್ಬಾಗುತ್ತಾರೆ. ಇದೇ ಕಥೆ ಪದ್ಮಪುರಾಣದಲ್ಲೂ ಇದೆ. ಅಲ್ಲಿ ಹಸುವಿನ ಹೆಸರು ನಂದಾ. ಹುಲಿ ನಿಜವಾಗಿ ಹುಲಿಯಲ್ಲ, ಪ್ರಭಂಜನನೆಂಬ ರಾಜ. ಮರಿಗೆ ಮೊಲೆಯೂಡಿಸುತ್ತಿದ್ದ ಜಿಂಕೆಯನ್ನು ಹೊಡೆದು ಶಾಪಕ್ಕೆ ಸಿಕ್ಕವನು. ಹಸು ಮಾತಿನಂತೆ ಬಂದಾಗ ಅವನಿಗೆ ಶಾಪ ವಿಮೋಚನೆ. ನೋಡಿ, ಪುರಾಣಕ್ಕೆ ಬರೀ ಹುಲಿ ಸಾಲದು, ಒಳಗೊಬ್ಬ ರಾಜ ಬೇಕು. ಕನ್ನಡದ ಹಾಡಿಗೆ ರಾಜ ಬೇಕಾಗಲಿಲ್ಲ. ಇಲ್ಲಿ ಹುಲಿ ಹುಲಿಯೇ. ಎದುರಿಗೆ ಬಂದು ನಿಂತ ಹಸುವನ್ನು ಒಡಹುಟ್ಟಿದ ಅಕ್ಕನೆಂದು ಕರೆದು, ತಿನ್ನಲಾರದೆ ಪ್ರಾಣ ಬಿಡುತ್ತೆ.

ಈಚಿನ ಕೆಲವರು ಮಕ್ಕಳು ಹೆದರುತ್ತಾರೆ ಅಂತ ಹುಲಿಯನ್ನು ಉಳಿಸುತ್ತಾರೆ. ಅದು ಕಾಡಿಗೆ ಓಡಿಹೋಗುತ್ತೆ, ಇಲ್ಲವೇ ಮಾಂಸ ಬಿಟ್ಟು ಸಾಧುವಾಗುತ್ತೆ. ದಯೆಯಂತೆ ಕಾಣುವ ಈ ತಿದ್ದುಪಡಿಯನ್ನು ನಾವು ಒಪ್ಪುವುದಿಲ್ಲ. ಹುಲಿ ಸತ್ತರೆ ಮಗು ಕೇಳುತ್ತೆ: 'ಸಾ, ಪಾಪ ಅದಕ್ಕೆ ಹಸಿವಾಗಿತ್ತಲ್ಲ?' ಹುಲಿ ಹುಲ್ಲು ತಿಂದರೆ ಮಗು ಏನೂ ಕೇಳುವುದಿಲ್ಲ. ಹಸಿದವನಿಗೆ ಬುದ್ಧಿ ಹೇಳಿದರೆ ಸಾಕು, ಊಟ ಬೇಕಾಗಿಲ್ಲ ಅಂತ ಕಲಿತು ಸುಮ್ಮನಾಗುತ್ತೆ. ೨೦೨೧ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಟ್ಟಾಗ ಕೆಲವು ಮಠಗಳು ಎದ್ದು ನಿಂತವು. ಅಂಥ ನಾಡಿನಲ್ಲಿ ಸಾಧು ಹುಲಿಯ ಚಿತ್ರ ಬರೀ ಚಿತ್ರವಾಗಿ ಉಳಿಯುವುದಿಲ್ಲ.

ಕೆಲವು ಸಂಗಾತಿಗಳು ಈ ಹಾಡೇ ಬೇಡ ಅನ್ನುತ್ತಾರೆ. ಅವರ ಸಿಟ್ಟಿಗೆ ಕಾರಣವಿದೆ. ೧೯೬೪ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತನ್ನು ಕಡಿಯಲು ಅವಕಾಶವಿತ್ತು. ೨೦೨೦ರ ಕಾಯ್ದೆ ಹದಿಮೂರು ದಾಟಿದ ಎಮ್ಮೆ ಕೋಣ ಬಿಟ್ಟು ಎಲ್ಲ ದನಕ್ಕೂ ನಿಷೇಧ ಹಾಕಿತು, ಮೂರರಿಂದ ಏಳು ವರ್ಷ ಜೈಲು ಅಂದಿತು. ೨೦೨೨ರಲ್ಲಿ ಸರ್ಕಾರ ದತ್ತು ಯೋಜನೆಯೊಂದಕ್ಕೆ ಪುಣ್ಯಕೋಟಿಯ ಹೆಸರನ್ನೇ ಇಟ್ಟಿತು. ೨೦೨೦ರಲ್ಲಿ ಬಂದ ಅನಿಮೇಷನ್ ಚಿತ್ರದಲ್ಲಿ ಅವಳು ಮಾತಾಡಿದ್ದು ಸಂಸ್ಕೃತದಲ್ಲಿ. ಸತ್ತ ದನದ ಚರ್ಮ ಸುಲಿದದ್ದಕ್ಕೆ ೨೦೧೬ರಲ್ಲಿ ಗುಜರಾತಿನ ಉನಾದಲ್ಲಿ ನಮ್ಮವರ ಬೆನ್ನು ಸುಲಿದರು. ಸುರೇಂದ್ರನಗರದ ದಲಿತರು ಆಮೇಲೆ ದನದ ಹೆಣಗಳನ್ನು ತಂದು ಕಲೆಕ್ಟರ್ ಕಚೇರಿ ಮುಂದೆಯೇ ಹಾಕಿದರು. ಇಷ್ಟಾದ ಮೇಲೂ ಈ ಹಾಡನ್ನು ಹೇಳಿಕೊಡಬೇಕೇ?

ಹೇಳಿಕೊಡಬೇಕು ಅನ್ನುತ್ತೇವೆ ನಾವು. ಬರೆದವರು ಯಾರೆಂದು ತಿಳಿಯದ ಹಾಡು ಇದು. ನಮ್ಮ ತಾಯಂದಿರೂ ಹಾಡಿಕೊಂಡು ಬಂದದ್ದು. ಇದರ ಕರುಳು ಇರುವುದು ಪೂಜೆಯಲ್ಲಿ ಅಲ್ಲ, ಕರುವನ್ನು ಒಪ್ಪಿಸುವ ಜಾಗದಲ್ಲಿ. ಸಾಯಲು ಹೊರಟ ತಾಯಿ ಉಳಿದ ಹಸುಗಳ ಮುಂದೆ ನಿಂತು, ಈ ತಬ್ಬಲಿ ನಿಮ್ಮ ಹತ್ತಿರ ಬಂದರೆ ಹಾಯಬೇಡಿ, ಒದೆಯಬೇಡಿ ಅಂತ ಬೇಡುತ್ತಾಳೆ. ಮೊಲೆ ಬಿಡದ ಕೂಸನ್ನು ಪಕ್ಕದ ಮನೆಯವಳ ಮಡಿಲಿಗೆ ಹಾಕಿ ಕೂಲಿಗೆ ಓಡುವ ಹೆಂಗಸಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಗುಳೆ ಹೋಗುವಾಗ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟವಳಿಗೂ ಅಷ್ಟೇ. ಚಿತ್ರಪುಸ್ತಕಗಳು ಇಲ್ಲಿ ಜಿಪುಣತನ ಮಾಡುತ್ತವೆ. ಅರ್ಧ ಪುಟದಲ್ಲಿ ಮುಗಿಸಿ, ಕೊನೆಯ ಸಂಕ್ರಾಂತಿ ಪೂಜೆಗೆ ಎರಡು ಪುಟ ಹರಡಿ ಬರೆಯುತ್ತವೆ. ಸಂಕ್ರಾಂತಿ ಹಾಡಿನಲ್ಲೇ ಇದೆ, ಇಲ್ಲವೆನ್ನುವುದಿಲ್ಲ. ಅಳತೆ ಮಾತ್ರ ಚಿತ್ರಕಾರನದು.

ಜೊತೆಗೆ ಬೇರೆ ಪುಸ್ತಕಗಳೂ ಬೇಕು. ಹೈದರಾಬಾದಿನ ಅನ್ವೇಷಿ ಸಂಸ್ಥೆ ೨೦೦೮ರಲ್ಲಿ 'ಡಿಫರೆಂಟ್ ಟೇಲ್ಸ್' ಎಂಬ ಮಾಲೆಯನ್ನು ಇಂಗ್ಲಿಷ್, ತೆಲುಗು, ಮಲಯಾಳಂನಲ್ಲಿ ತಂದಿತು. ಅದರಲ್ಲಿ ಮಹಮ್ಮದ್ ಖದೀರ್ ಬಾಬು ಅವರ 'ಹೆಡ್ ಕರಿ' ಇದೆ. ಮುಸ್ಲಿಂ ಮನೆಯಲ್ಲಿ ತಲೆಮಾಂಸದ ಸಾರು ಬೇಯುವ ಸಡಗರ ಅದು. ಗೋಗು ಶ್ಯಾಮಲ ಅವರ ದಲಿತ ಮಕ್ಕಳ ಕಥೆಗಳಿವೆ. ಪುಣ್ಯಕೋಟಿಯ ಪಕ್ಕದಲ್ಲಿ 'ಹೆಡ್ ಕರಿ'ಯೂ ಕೂತಿರುವ ಕಪಾಟಿನ ಮುಂದೆ ನಮ್ಮ ಮಗು ತಾನು ತಿಂದು ಬಂದದ್ದನ್ನು ಬಚ್ಚಿಡಬೇಕಾಗುವುದಿಲ್ಲ. ೧೯೭೩ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಅಂದಾಗ ಊರೆಲ್ಲ ಉರಿದೆದ್ದಿತ್ತು. ಮಕ್ಕಳ ಕಪಾಟಿನಲ್ಲಿ ಇನ್ನೂ ಎಷ್ಟು ಬೂಸಾ ಇದೆ ಅಂತ ಮೇಷ್ಟ್ರುಗಳೇ ಒಮ್ಮೆ ಕೆದಕಿ ನೋಡಲಿ.

ಅಂಗಡಿಯಲ್ಲಿ ನಿಂತೇ ಪುಟ ಎಣಿಸಿ. ಹುಲಿಗೆ ಎಷ್ಟು, ತಬ್ಬಲಿಗೆ ಎಷ್ಟು, ಪೂಜೆಗೆ ಎಷ್ಟು. ಕೊನೆಯ ಪುಟದಲ್ಲಿ ದಪ್ಪ ಅಕ್ಷರದ ನೀತಿ ಇದ್ದರೆ ವಾಪಸು ಇಡಿ. ಯಾವುದೂ ಒಪ್ಪಿಗೆಯಾಗದಿದ್ದರೆ ಆ ದುಡ್ಡಿಗೆ ಬಿಳಿ ಹಾಳೆ, ಬಣ್ಣದ ಪೆನ್ಸಿಲು ತನ್ನಿ. ಹಾಡನ್ನು ಪೂರ್ತಿ ಹೇಳಿ, ಪಠ್ಯದಲ್ಲಿ ಆಯ್ದು ಕೊಟ್ಟಷ್ಟನ್ನೇ ಅಲ್ಲ. ಹಸು ಕಪ್ಪಗಿರಬೇಕೋ ಕೆಂಪಗಿರಬೇಕೋ ಮಕ್ಕಳೇ ಬರೆದು ತೋರಿಸಲಿ.