ಪಿ.ಸಿ.ಆರ್. ಪ್ರಕ್ರಿಯೆಯೂ ಹೇತ್ವಾಭಾಸಗಳೂ

ಸಾಹಿತ್ಯಶಾಸ್ತ್ರಗಳ ವಿಮರ್ಶೆಗೆ ಮೀಸಲಾದ ಈ ಪತ್ರಿಕೆಯಲ್ಲಿ ಜೀವರಸಾಯನದ ಪ್ರಯೋಗಶಾಲೆಯ ಪ್ರಕ್ರಿಯೆಯೊಂದನ್ನು ಕುರಿತು ಬರೆಯುವುದು ಅಪ್ರಕೃತವೆಂದು ಕೆಲವರಿಗಾದರೂ ತೋರದಿರದು. ನಮಗೂ ಮೊದಲು ಹಾಗೆಯೇ ತೋರಿತ್ತು. ಆದರೆ ನಮ್ಮ ಸೋದರಳಿಯನು ತನ್ನ ಪ್ರಯೋಗಶಾಲೆಯಿಂದ ತಂದುಕೊಟ್ಟ ಎರಡು ಕೈಪಿಡಿಗಳನ್ನೂ ಆ ಶಾಸ್ತ್ರದ ಕೆಲವು ಪ್ರಸಿದ್ಧ ಲೇಖನಗಳನ್ನೂ ಅವನ ಸಹಾಯದಿಂದ ಓದಿ ನೋಡಿದ ಮೇಲೆ, ಅಲ್ಲಿ ನಡೆಯುತ್ತಿರುವ ವಾದವು ಗ್ರಂಥಶೋಧಕರಾದ ನಮ್ಮ ವಾದವೇ ಎಂದು ಮನಗಂಡೆವು. ಒಂದು ಮಾತೃಕೆಯಿಂದ ಪ್ರತಿಗಳನ್ನು ಎತ್ತುವುದು, ಪ್ರತಿಯಲ್ಲಿ ದೋಷವು ಸೇರುವುದು, ಪ್ರತಿಯನ್ನು ಕಂಡು ಮಾತೃಕೆಯಲ್ಲಿ ಏನಿತ್ತೆಂದು ನಿಶ್ಚಯಿಸುವುದು, ಇಷ್ಟೇ ಅಲ್ಲಿಯ ವಿಷಯ. ಆ ನಿಶ್ಚಯಕ್ಕೆ ಪ್ರಮಾಣವೇನೆಂಬುದನ್ನು ಕೈಪಿಡಿಗಳು ಸಾಕಷ್ಟು ವಿಚಾರಿಸಿಲ್ಲವೆಂಬುದು ನಮ್ಮ ಆಕ್ಷೇಪ.

ಪ್ರಕ್ರಿಯೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಿಬಿಡುವೆವು. ಡಿ.ಎನ್.ಎ. ಎಂಬುದು ನಾಲ್ಕೇ ಅಕ್ಷರಗಳಿಂದ ಬರೆದ, ಒಂದಕ್ಕೊಂದು ಹೆಣೆದುಕೊಂಡ ಎರಡು ಎಳೆಗಳ ಬರವಣಿಗೆ. ಇದನ್ನು ೯೪ ಅಥವಾ ೯೫ ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಎಳೆಗಳು ಬೇರೆಯಾಗುವುವು. ೫೦ರಿಂದ ೬೫ ಡಿಗ್ರಿಯೊಳಗೆ ಇಳಿಸಿದರೆ ಪ್ರೈಮರ್ ಎಂಬ, ಸುಮಾರು ಇಪ್ಪತ್ತು ಅಕ್ಷರಗಳ ಎರಡು ತುಣುಕುಗಳು ಬೇಕಾದ ಭಾಗದ ಎರಡು ಕೊನೆಗಳಲ್ಲಿ ಅಂಟಿಕೊಳ್ಳುವುವು. ೭೨ಕ್ಕೆ ಏರಿಸಿದರೆ ಕಿಣ್ವವು ಅಲ್ಲಿಂದ ಮುಂದಕ್ಕೆ ಪ್ರತಿಯನ್ನು ಬರೆಯುವುದು. ಆವರ್ತಕ್ಕೊಮ್ಮೆ ಪ್ರತಿಗಳು ಇಮ್ಮಡಿಯಾಗುವುದರಿಂದ ಮೂವತ್ತು ಆವರ್ತಗಳಲ್ಲಿ ಒಂದು ಮಾತೃಕೆಯು ನೂರೇಳು ಕೋಟಿಯನ್ನು ಮುಟ್ಟಬೇಕು. ಇದು ಗಣಿತದ ಲೆಕ್ಕ, ಕೊಳವೆಯಲ್ಲಿ ಅಷ್ಟು ಆಗುವುದಿಲ್ಲ. ೧೯೮೩ರಲ್ಲಿ ಅಮೆರಿಕಾದ ಕ್ಯಾರಿ ಮುಲ್ಲಿಸ್ ಇದನ್ನು ಕಲ್ಪಿಸಿದನು. ೧೯೯೩ರಲ್ಲಿ ಇದಕ್ಕಾಗಿ ನೊಬೆಲ್ ಪಾರಿತೋಷಕವನ್ನು ಪಡೆದನು. ಮೊದಮೊದಲು ಕಾಯಿಸಿದಾಗಲೆಲ್ಲ ಕಿಣ್ವವು ಕೆಡುತ್ತಿತ್ತಾಗಿ ಪ್ರತಿ ಆವರ್ತಕ್ಕೂ ಹೊಸದನ್ನು ಹಾಕಬೇಕಾಗಿತ್ತು. ಬಿಸಿನೀರಿನ ಬುಗ್ಗೆಗಳಲ್ಲಿ ಬದುಕುವ ಥರ್ಮಸ್ ಅಕ್ವಾಟಿಕಸ್ ಎಂಬ ಜೀವಾಣುವಿನ ಟ್ಯಾಕ್ ಕಿಣ್ವವು ಬಂದ ಮೇಲೆ ಆ ತೊಡಕು ತೀರಿತು. ಫಲವನ್ನು ಅಗರೋಸಿನ ಜೆಲ್ಲಿನಲ್ಲಿ ಹರಿಯಬಿಟ್ಟರೆ ಬೆಳಕಿನ ಪಟ್ಟಿಯೊಂದು ಕಾಣುವುದು. ಆ ಪಟ್ಟಿಯೇ ಇಲ್ಲಿ ಹೇತು.

ಇನ್ನು ಕೈಪಿಡಿಗಳು. ಎಲ್ಲದರ ಕೊನೆಯಲ್ಲಿಯೂ ದೋಷಪರಿಹಾರದ ಕೋಷ್ಟಕವೊಂದಿರುವುದು. ಪಟ್ಟಿ ಕಾಣದಿದ್ದರೆ ಅಂಟುವ ಉಷ್ಣತೆಯನ್ನು ಇಳಿಸಿರಿ, ಮೆಗ್ನೀಸಿಯಮನ್ನು ಹೆಚ್ಚಿಸಿರಿ, ಆವರ್ತಗಳನ್ನು ಹೆಚ್ಚಿಸಿರಿ. ಬೇಡದ ಪಟ್ಟಿಗಳು ಕಂಡರೆ ಇವನ್ನೇ ತಿರುಗಿಸಿ ಮಾಡಿರಿ ಎಂದು ಅದರ ಸಾರ. ಇದರಲ್ಲಿ ಯಾವ ಮಾತೂ ಸುಳ್ಳಲ್ಲ. ಮೆಗ್ನೀಸಿಯಮಿಲ್ಲದೆ ಕಿಣ್ವವು ಕೆಲಸ ಮಾಡದು. ಅದು ಮಿತಿಮೀರಿದರೆ ಪ್ರೈಮರುಗಳು ತಮಗೆ ಪೂರ್ಣವಾಗಿ ಹೊಂದದ ಎಡೆಗಳಲ್ಲಿಯೂ ಅಂಟಿಕೊಳ್ಳುವುವು. ಉಷ್ಣತೆಯ ಮಾತೂ ಹಾಗೆಯೇ. ಆದರೆ ವೈದ್ಯಶಾಸ್ತ್ರದಲ್ಲಿ ನಿದಾನವು ಮೊದಲು, ಚಿಕಿತ್ಸೆಯು ಅನಂತರ. ಈ ಕೋಷ್ಟಕಗಳಲ್ಲಿ ಲಕ್ಷಣದಿಂದ ನೇರವಾಗಿ ಚಿಕಿತ್ಸೆಗೆ ಹಾರಿದ್ದಾರೆ. ಪಟ್ಟಿ ಬಾರದಿರುವುದಕ್ಕೆ ಕಾರಣಗಳು ಹಲವು: ಪ್ರೈಮರು ತಪ್ಪಾಗಿರಬಹುದು, ಡಿ.ಎನ್.ಎ.ಯನ್ನು ಇಟ್ಟ ದ್ರವದಲ್ಲಿಯ ಇ.ಡಿ.ಟಿ.ಎ. ಎಂಬ ದ್ರವ್ಯವು ಮೆಗ್ನೀಸಿಯಮನ್ನೆಲ್ಲ ಕಟ್ಟಿಹಾಕಿರಬಹುದು. ರಕ್ತದ ಹೀಮ್, ಮಣ್ಣಿನ ಹ್ಯೂಮಿಕ್ ಆಮ್ಲ, ಎಲೆಗಳ ಒಗರಿನ ಅಂಶ ಮುಂತಾದುವು ಕಿಣ್ವವನ್ನು ತಡೆದಿರಬಹುದು. ನಮ್ಮ ಸೋದರಳಿಯನು ಗಿಡವೊಂದರ ಎಲೆಯಿಂದ ತೆಗೆದ ಡಿ.ಎನ್.ಎ.ಯನ್ನು ಹಿಡಿದು ಮೂರು ವಾರ ಉಷ್ಣತೆಯನ್ನು ಏರಿಸಿ ಇಳಿಸಿ ಬೇಸತ್ತನು. ಮಾತೃಕೆಯನ್ನು ಹೆಚ್ಚುಹೆಚ್ಚಾಗಿ ಹಾಕಿಯೂ ನೋಡಿದನು. ಕೊನೆಗೆ ಅದನ್ನು ಹತ್ತರಷ್ಟು ನೀರಾಗಿಸಿ ಹಾಕಿದಾಗ ಪಟ್ಟಿ ಬಂದಿತು. “ಮಾವ, ಕಡಮೆ ಹಾಕಿದ್ದಕ್ಕೆ ಬಂತು!” ಎಂದು ಅವನು ಆಶ್ಚರ್ಯಪಟ್ಟನು. ಮಾತೃಕೆಯೊಡನೆ ತಡೆಯುವ ದ್ರವ್ಯವೂ ಕಡಮೆಯಾದುದೇ ಕಾರಣ. ನಿದಾನವನ್ನು ಮೊದಲೇ ಕೇಳಿದ್ದರೆ ಇದು ಒಂದು ದಿನದ ಕೆಲಸ.

ಇದಕ್ಕಿಂತ ದೊಡ್ಡ ದೋಷವೊಂದಿದೆ. ಪಟ್ಟಿ ಬಂದರೆ ಸಿದ್ಧಿ, ಬಾರದಿದ್ದರೆ ದೋಷ ಎಂಬ ಭಾವನೆಯೇ ಈ ಕೋಷ್ಟಕಗಳಿಗೆ ತಳಹದಿ. ಪಟ್ಟಿಯನ್ನು ಬರಿಸುವ ಉಪಾಯಗಳು ಯಾವುವೋ ಅವೇ ಇಲ್ಲದ ಪಟ್ಟಿಯನ್ನೂ ಬರಿಸಬಲ್ಲವು. ಬೇಕೆಂದು ಹಟ ಹಿಡಿದು ನಲವತ್ತು, ನಲವತ್ತೈದು ಆವರ್ತಗಳನ್ನು ಮಾಡಿದವನಿಗೆ, ಮೊನ್ನೆಯ ಪ್ರಯೋಗದಿಂದ ಗಾಳಿಯಲ್ಲಿ ಹಾರಿ ಪಿಪೆಟ್ಟಿಗೆ ಅಂಟಿಕೊಂಡ ಅಣುವೊಂದು ಸಾಕು, ಪಟ್ಟಿಯನ್ನು ತೋರಿಸಲು.

ಇದಕ್ಕೆ ಪ್ರಸಿದ್ಧವಾದ ಉದಾಹರಣೆಯನ್ನು ವಿಸ್ತರಿಸಿಯೇ ನೋಡಬೇಕು. ೧೯೯೪ರಲ್ಲಿ ಸ್ಕಾಟ್ ವುಡ್‌ವರ್ಡ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅಮೆರಿಕಾದ ಯೂಟಾ ಪ್ರಾಂತದ ಕಲ್ಲಿದ್ದಲ ಗಣಿಯಲ್ಲಿ ದೊರೆತ, ಎಂಟು ಕೋಟಿ ವರ್ಷಗಳ ಹಿಂದಿನ ಎಲುಬಿನ ತುಣುಕುಗಳಿಂದ ಡಿ.ಎನ್.ಎ.ಯ ಪಾಠವನ್ನು ಪಡೆದಿರುವೆವೆಂದೂ, ಆ ಎಲುಬು ಡೈನೋಸಾರಿನದಾಗಿರಬಹುದೆಂದೂ ಅವರ ಅಭಿಪ್ರಾಯ. ಅವರು ಅಜಾಗರೂಕರಾಗಿರಲಿಲ್ಲ. ಮನುಷ್ಯರ ಕೈಯಿಂದ ಸೇರಿದುದೋ ಎಂಬ ಶಂಕೆಯನ್ನು ತಾವೇ ಎತ್ತಿ, ಈ ಪಾಠವು ಮನುಷ್ಯನ ಮೈಟೋಕಾಂಡ್ರಿಯದ ಪಾಠಕ್ಕಿಂತ ಭಿನ್ನವಾಗಿದೆ, ಆದುದರಿಂದ ಇದು ಮನುಷ್ಯನದಲ್ಲ ಎಂದು ಪರಿಹರಿಸಿದ್ದರು. ೧೯೯೫ರಲ್ಲಿ ಹಲವರು ಇದನ್ನು ಖಂಡಿಸಿದರು. ಅವರಲ್ಲಿ ಜಿಷ್ಲರ್ ಮತ್ತು ಸಂಗಡಿಗರು, ಮನುಷ್ಯನ ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ ಬಹುಕಾಲದ ಹಿಂದೆ ಸೇರಿಕೊಂಡ ಮೈಟೋಕಾಂಡ್ರಿಯದ ತುಣುಕುಗಳಲ್ಲಿ ಅಂತಹುದೇ ಪಾಠಗಳಿರುವುದನ್ನು ತೋರಿಸಿದರು. ಡೈನೋಸಾರಿನದೆಂದು ಎಣಿಸಿದ ಪಾಠವು ಮನುಷ್ಯನದೇ ಆಗಿತ್ತು.

ಗ್ರಂಥಶೋಧಕರಿಗೆ ಇದು ಸುಪರಿಚಿತವಾದ ಸಂಗತಿ. ಮೂಲಕಾವ್ಯದ ಪ್ರತಿಗಳು ಕಾಲಕಾಲಕ್ಕೆ ತಿದ್ದಿಕೊಂಡು ಬಂದಿರುವಾಗ, ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವದಂತಹ ಸಂಕಲನದಲ್ಲಿ ಉದ್ಧೃತವಾದ ಪದ್ಯವು ಬೇರೆ ಪಾಠವನ್ನು ಉಳಿಸಿಕೊಂಡಿರಬಹುದು. ಭಿನ್ನಪಾಠವೆಂಬ ಮಾತ್ರದಿಂದ ಅದನ್ನು ಬೇರೆ ಕವಿಯದೆಂದು ಹೇಳುವವರುಂಟೆ? ನ್ಯಾಯಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ‘ಮನುಷ್ಯನದಲ್ಲ’ ಎಂಬುದು ಸಾಧ್ಯ, ‘ಮನುಷ್ಯನ ಮೈಟೋಕಾಂಡ್ರಿಯಕ್ಕಿಂತ ಭಿನ್ನವಾಗಿರುವಿಕೆ’ ಹೇತು. ವಿಪಕ್ಷವಾದ ಮನುಷ್ಯನ ನ್ಯೂಕ್ಲಿಯಸ್ಸಿನಲ್ಲಿಯೂ ಈ ಹೇತುವಿದೆ. ಆದುದರಿಂದ ಇದು ಸವ್ಯಭಿಚಾರ. ವುಡ್‌ವರ್ಡನ ತಪ್ಪು ಕೈಗೆಲಸದ್ದು ಮಾತ್ರವಲ್ಲ. ವಿಪಕ್ಷವನ್ನು ಪೂರ್ಣವಾಗಿ ಎಣಿಸದೆ ಹೋದುದು. ಇದನ್ನು ಯಾವ ಉಷ್ಣತೆಯ ತಿದ್ದುಪಡಿಯೂ ಸರಿಪಡಿಸಲಾರದು.

ಇನ್ನು ಅಭಾವದ ವಿಚಾರ. ಪಟ್ಟಿ ಕಾಣಲಿಲ್ಲ, ಆದುದರಿಂದ ರೋಗಾಣುವಿಲ್ಲ ಎಂದು ಬರೆದುಕೊಡುವವರಿದ್ದಾರೆ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕ ಪ್ರಮಾಣವೆಂದು ಒಪ್ಪುವರು, ನೈಯಾಯಿಕರು ಒಪ್ಪರು. ಆದರೆ ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದುದರಿಂದ ಗಡಿಗೆಯಿಲ್ಲವೆಂದು ಇಬ್ಬರೂ ಹೇಳರು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರಬೇಕು. ಆ ಯೋಗ್ಯತೆಯನ್ನು ತೋರಿಸುವ ಉಪಾಯವು ಪ್ರಯೋಗಶಾಲೆಯಲ್ಲಿ ಬಹಳ ಸುಲಭವಾದುದು. ಅದೇ ಮಾದರಿಗೆ, ಗೊತ್ತಿರುವ ಡಿ.ಎನ್.ಎ.ಯನ್ನು ಅದರ ಪ್ರೈಮರುಗಳೊಡನೆ ಸೇರಿಸಿ ನೋಡುವುದು. ಅದರ ಪಟ್ಟಿಯೂ ಬಾರದಿದ್ದರೆ ಕೋಣೆಯಲ್ಲಿ ಕತ್ತಲೆಯಿದೆ. ಮಾತೃಕೆಯ ಬದಲು ನೀರನ್ನಿಟ್ಟ ಕೊಳವೆಯು ಇದರ ಇನ್ನೊಂದು ಮುಖ: ಅಲ್ಲಿ ಪಟ್ಟಿ ಬಂದರೆ ಉಳಿದ ಪಟ್ಟಿಗಳ ಮಾತನ್ನು ಕೇಳತಕ್ಕದ್ದಲ್ಲ. ನಾವು ನೋಡಿದ ಒಂದು ಕೈಪಿಡಿಯಲ್ಲಿ ಈ ನೀರಿನ ಕೊಳವೆಗೆ ದೊರೆತಿರುವುದು ಅರ್ಧ ಸಾಲು. ಮೆಗ್ನೀಸಿಯಮಿಗೆ ಮೂರು ಪುಟ.

ಲಿಪಿಕಾರನ ಸ್ಖಾಲಿತ್ಯವನ್ನೂ ಹೇಳಬೇಕು. ಟ್ಯಾಕ್ ಕಿಣ್ವವು ತಾನು ತಪ್ಪಿ ಬರೆದ ಅಕ್ಷರವನ್ನು ಹಿಂದಿರುಗಿ ಅಳಿಸಲಾರದು. ಪೈರೋಕಾಕಸ್ ಫ್ಯೂರಿಯೋಸಸ್ ಎಂಬ ಜೀವಾಣುವಿನ ಕಿಣ್ವವು ಅಳಿಸಬಲ್ಲುದು. ಸಾವಿರಾರು ಮಾತೃಕೆಗಳಿಂದ ಹೊರಟರೆ ಒಂದೆರಡು ತಪ್ಪುಗಳು ಗುಂಪಿನಲ್ಲಿ ಮುಳುಗಿಹೋಗುವುವು. ಒಂದೇ ಮಾತೃಕೆಯಿಂದ ಹೊರಟು ಮೊದಲನೆಯ ಆವರ್ತದಲ್ಲಿಯೇ ಒಂದು ಎಳೆಯು ತಪ್ಪಿದರೆ, ಕೊನೆಯ ಪ್ರತಿಗಳಲ್ಲಿ ಸುಮಾರು ಕಾಲುಭಾಗವು ಆ ತಪ್ಪನ್ನೇ ಹೇಳುವುದು. ಕೋಟಿ ಪ್ರತಿಗಳು ಹೇಳಿದರೂ ಸಾಕ್ಷಿಯು ಒಂದೇ.

ಈ ಮಾತನ್ನು ನಾವು ಅನುಭವದಿಂದ ಬರೆಯುತ್ತಿದ್ದೇವೆ. ಚಿಕ್ಕ ಶಾಸ್ತ್ರಗ್ರಂಥವೊಂದನ್ನು ಸಂಪಾದಿಸುವಾಗ ಮೂರು ಓಲೆಯ ಪ್ರತಿಗಳು ಒಂದು ಪಾಠವನ್ನೂ ಒಂದು ಪ್ರತಿ ಮಾತ್ರ ಬೇರೆ ಪಾಠವನ್ನೂ ಕೊಟ್ಟವು. ಮೂವರ ಮಾತನ್ನು ನಂಬಿ ಅಚ್ಚು ಹಾಕಿಸಿದೆವು. ಬಹಳ ವರ್ಷಗಳ ಮೇಲೆ ಮೂರರಲ್ಲಿಯೂ ಒಂದೇ ಎಡೆಯಲ್ಲಿ ಗ್ರಂಥಪಾತವಿರುವುದನ್ನು ಕಂಡು, ಅವು ಒಂದೇ ಓಲೆಯ ಮಕ್ಕಳೆಂದು ತಿಳಿದೆವು. ತಪ್ಪು ಪಾಠವು ಈಗಲೂ ವಿದ್ಯಾರ್ಥಿಗಳ ಬಾಯಲ್ಲಿದೆ.

ಪ್ರಯೋಗ ಮಾಡುವವರಿಗೆ ಇಷ್ಟು ವಿಚಾರಕ್ಕೆ ಬಿಡುವೆಲ್ಲಿ ಎಂದು ಪೂರ್ವಪಕ್ಷಿಗಳು ಕೇಳಬಹುದು. ಅವರಲ್ಲಿಯೇ ಉತ್ತರವಿದೆ. ೨೦೦೯ರಲ್ಲಿ ಸ್ಟೀಫನ್ ಬಸ್ಟಿನ್ ಮೊದಲಾದವರು, ಪರಿಮಾಣವನ್ನು ಅಳೆಯುವ ಬಗೆಯ ಪಿ.ಸಿ.ಆರ್.ಗೆ ಸಂಬಂಧಿಸಿದಂತೆ, ಲೇಖನವನ್ನು ಪ್ರಕಟಿಸುವವರು ಯಾವುದನ್ನೆಲ್ಲ ತಿಳಿಸಬೇಕೆಂಬ ನಿಯಮಾವಳಿಯೊಂದನ್ನು ಬರೆದರು. ಪ್ರೈಮರಿನ ಅಕ್ಷರಗಳು, ಮಾತೃಕೆಯಿಲ್ಲದ ಕೊಳವೆಯ ಫಲ, ತಡೆಯುವ ದ್ರವ್ಯದ ಪರೀಕ್ಷೆ ಎಲ್ಲವನ್ನೂ ಅದು ಕೇಳುವುದು. ಓದುವುದಕ್ಕೆ ಶುಷ್ಕವಾದ ಗ್ರಂಥ. ಆದರೆ ನಾವು ಓದಿದ ಕೈಪಿಡಿಗಳಿಗಿಂತ ಇದೇ ಶಾಸ್ತ್ರವೆಂಬ ಹೆಸರಿಗೆ ಹತ್ತಿರವಾದುದು. ‘ಹಲವು ಪ್ರತಿಗಳನ್ನು ಪರಿಶೀಲಿಸಿ’ ಎಂದಷ್ಟೇ ಬರೆದು ಪೀಠಿಕೆಯನ್ನು ಮುಗಿಸುವ ನಮ್ಮ ಸಂಪಾದಕರು, ನಮ್ಮನ್ನೂ ಸೇರಿಸಿಕೊಂಡು, ಅಷ್ಟನ್ನು ಎಂದೂ ತಿಳಿಸಿದವರಲ್ಲ. ಮೇಲೆ ಹೇಳಿದ ಗ್ರಂಥದ ಎರಡನೆಯ ಮುದ್ರಣವು ಈಗ ಸಿದ್ಧವಾಗುತ್ತಿದೆ. ಅದರಲ್ಲಿ ಆ ಮೂರು ಪ್ರತಿಗಳಿಗೂ ಸೇರಿ ಒಂದೇ ಸಂಕೇತಾಕ್ಷರವನ್ನು ಕೊಟ್ಟಿದ್ದೇವೆ.