ಗಳಿಸದ ಕೀರ್ತಿ: ನೋ ಕಾಸ್ಟ್ ಇಎಂಐ ಕುರಿತು

ಎಪ್ಪತ್ತು ಸಾವಿರದ ಲ್ಯಾಪ್‌ಟಾಪ್ ಇಂದು ಆಟೋ ಓಡಿಸುವವರ ಮಗಳ ಕೈಗೂ ಸಿಗುತ್ತಿದೆ, ಅದಕ್ಕೆ ನೋ ಕಾಸ್ಟ್ ಇಎಂಐಯೇ ಕಾರಣ ಎಂದು ಅಂಗಡಿಯವರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಹಣಕಾಸಿನ ಅಂಕಣ ಬರೆಯುವವರಲ್ಲೂ ಹಲವರು ಹೇಳುತ್ತಾರೆ. ಈ ಕೀರ್ತಿಯನ್ನು ಅದು ಗಳಿಸಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸಣ್ಣ ಆದಾಯದ ಮನೆ ದುಬಾರಿ ಲ್ಯಾಪ್‌ಟಾಪನ್ನು ಈ ಬಗೆಯ ಕಂತಿಗೆ ತರುವುದು ಬಹುಪಾಲು ಸಂದರ್ಭಗಳಲ್ಲಿ ತಪ್ಪು. ಆದರೆ ಅದನ್ನು ತಪ್ಪೆನ್ನುವವರು ಕೊಡುವ ಕಾರಣಗಳನ್ನೂ ನಾನು ಒಪ್ಪಲಾರೆ.

ನೇರ ಲೆಕ್ಕಕ್ಕೆ ಬರೋಣ. ಲ್ಯಾಪ್‌ಟಾಪಿನ ಬೆಲೆ 72,000 ರೂಪಾಯಿ, 12 ಕಂತು, ತಿಂಗಳಿಗೆ 6,000. ಕೂಡಿದರೆ ಮತ್ತೆ 72,000ವೇ ಬರುತ್ತದೆ. ಇಷ್ಟು ನೋಡಿ ಗ್ರಾಹಕರು ಸಹಿ ಹಾಕುತ್ತಾರೆ.

ಕ್ರೆಡಿಟ್ ಕಾರ್ಡ್ ಕೊಟ್ಟ ಬ್ಯಾಂಕು ವರ್ಷಕ್ಕೆ ಶೇ. 15ರ ಬಡ್ಡಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ಆ ದರದಲ್ಲಿ 6,000ದಂತೆ 12 ತಿಂಗಳಿಗೆ ತೀರುವ ಸಾಲದ ಅಸಲು ಸುಮಾರು 66,476 ರೂಪಾಯಿ ಮಾತ್ರ. ಮಿಕ್ಕ 5,524 ಬಡ್ಡಿ. ಮಾರುವವರು ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿ ಬಿಡುತ್ತಾರೆ, ಬ್ಯಾಂಕು ಅದನ್ನೇ ಬಡ್ಡಿಯೆಂದು ವಸೂಲು ಮಾಡುತ್ತದೆ. ಗ್ರಾಹಕರ ಹೆಸರಿನಲ್ಲಿ ಹೊರಟ ರಿಯಾಯಿತಿ ಗ್ರಾಹಕರ ಕೈಗೆ ಬರುವುದೇ ಇಲ್ಲ. ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ ಬೀಳುತ್ತದೆ: ಸುಮಾರು 994 ರೂಪಾಯಿ. ಪ್ರೊಸೆಸಿಂಗ್ ಫೀ 199 ಎಂದಾದರೆ ತೆರಿಗೆ ಸೇರಿ 235. ಅಲ್ಲಿಗೆ 1,229 ರೂಪಾಯಿ ಹೆಚ್ಚಿಗೆ ಹೋಯಿತು. ಪೂರ್ತಿ ಹಣ ಒಮ್ಮೆಗೇ ಕೊಡುವವರಿಗೆ ಅದೇ ಅಂಗಡಿ ಅದೇ ರಿಯಾಯಿತಿ ಕೊಡುವುದಾದರೆ, ಕಂತಿನವರು ಅವರಿಗಿಂತ 6,753 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಹಣಕಾಸು ಕಂಪನಿಯ ಸಾಮಾನ್ಯ ಸಾಲದಲ್ಲಿ ಬಡ್ಡಿಗೆ ಜಿಎಸ್‌ಟಿ ಇಲ್ಲ, ಫೀಗೆ ಮಾತ್ರ ಉಂಟು. ಲೆಕ್ಕದ ಸ್ವರೂಪ ಮಾತ್ರ ಅದೇ.

ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ ಹೇಳಿತ್ತು. ಬಡ್ಡಿಯನ್ನು ಫೀಯೊಳಗೆ ಅಡಗಿಸುವುದನ್ನು ಅದು ಆಕ್ಷೇಪಿಸಿತು. ಅದಾದ ಮೇಲೆ ಬಡ್ಡಿಯನ್ನು ರಿಯಾಯಿತಿಯಿಂದ ಸರಿದೂಗಿಸುವ ಈ ದಾರಿ ರೂಢಿಗೆ ಬಂತು. 2024ರ ಅಕ್ಟೋಬರಿನಿಂದ ಹೊಸ ರೀಟೇಲ್ ಅವಧಿ ಸಾಲಗಳಿಗೆ (ಕ್ರೆಡಿಟ್ ಕಾರ್ಡಿನ ಬಾಕಿ ಬಿಟ್ಟು) ವಾರ್ಷಿಕ ಒಟ್ಟು ವೆಚ್ಚದ ದರ ನಮೂದಿಸಿದ ಮುಖ್ಯ ವಿವರಗಳ ಪತ್ರವನ್ನು ಕೊಡಬೇಕೆಂಬ ನಿಯಮವೂ ಬಂದಿದೆ. ಅಂದರೆ ಅಂಥ ಸಾಲಗಳಲ್ಲಿ ಮಾಹಿತಿ ಬೇಕೆಂದವರಿಗೆ ಸಿಗುತ್ತದೆ.

ಇಲ್ಲಿಗೆ ಬಂದು ಹೆಚ್ಚಿನ ವಿಮರ್ಶಕರು ನಿಂತುಬಿಡುತ್ತಾರೆ. ಅಡಗಿದ ಬಡ್ಡಿ ಸಿಕ್ಕಿತು, ಕೆಲಸ ಮುಗಿಯಿತು ಎಂಬ ಧೋರಣೆ ಅವರದು. ಇದರೊಂದಿಗೆ ನನಗೆ ಜಗಳವಿದೆ. ನಾಳೆ ಯಾವುದೋ ಕಂಪನಿ ನಿಜಕ್ಕೂ ಬಡ್ಡಿ, ಫೀ ಎರಡನ್ನೂ ಬಿಟ್ಟಿತೆನ್ನಿ. ಆಗ ಇವರು ಏನೆನ್ನುತ್ತಾರೆ? ಕೊಳ್ಳಿ ಎನ್ನಲೇಬೇಕಾಗುತ್ತದೆ. ತಿಂಗಳಿಗೆ 24,000 ದುಡಿಯುವ ಮನೆಯನ್ನು ಆರು ಸಾವಿರದ ಬಡ್ಡಿ ಮುಳುಗಿಸುವುದಿಲ್ಲ. ಆ ಮನೆಯನ್ನು ಇಕ್ಕಟ್ಟಿಗೆ ತಳ್ಳುವುದು ಪ್ರತಿ ತಿಂಗಳ ಐದನೇ ತಾರೀಖು ತಪ್ಪದೆ ಬರುವ ಆರು ಸಾವಿರದ ಕಂತು. ಒಂದು ತಿಂಗಳು ಖಾತೆಯಲ್ಲಿ ಹಣ ಸಾಲದೆ ಕಂತು ಬೌನ್ಸ್ ಆದರೆ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ, ಸಾಲದ ಚರಿತ್ರೆ ಹೇಳುವ ಸಿಬಿಲ್ ದಾಖಲೆಯಲ್ಲೂ ಅದು ಉಳಿಯುತ್ತದೆ.

ಇನ್ನೊಂದು ಗುಂಪಿನವರು ಆದಾಯದ ಶೇ. 40ರೊಳಗೆ ಕಂತುಗಳಿದ್ದರೆ ಕ್ಷೇಮ ಎನ್ನುತ್ತಾರೆ. ಎರಡು ಲಕ್ಷ ಸಂಬಳದವರಿಗೆ ಶೇ. 40 ಕಳೆದ ಮೇಲೆ 1,20,000 ಉಳಿಯುತ್ತದೆ, ಆ 24,000ದ ಮನೆಗೆ ಉಳಿಯುವುದು 14,400. ಅದರಲ್ಲೇ ಬಾಡಿಗೆ, ರೇಷನ್, ಬಸ್ ಪಾಸ್, ಔಷಧಿ ಎಲ್ಲ ನಡೆಯಬೇಕು. ಎರಡೂ ಮನೆಗೆ ಒಂದೇ ಶೇಕಡಾವಾರು ಹೇಳುವವರು ಬಡವರ ತಿಂಗಳ ಖರ್ಚನ್ನು ಒಮ್ಮೆಯೂ ಬರೆದು ನೋಡಿಲ್ಲ.

ಮೂರನೆಯವರು ಕಟ್ಟುನಿಟ್ಟಿನವರು. ಮೊದಲು ಕೂಡಿಡಿ, ಆಮೇಲೆ ಕೊಳ್ಳಿ. ದಿನೇದಿನೇ ಬೆಲೆ ಕಳೆದುಕೊಳ್ಳುವ ವಸ್ತುವಿಗೆ ಸಾಲ ಮಾಡಲೇಬೇಡಿ ಎಂಬುದು ಅವರ ಉಪದೇಶ. ಸೆಮಿಸ್ಟರ್ ಆರಂಭವಾದ ವಿದ್ಯಾರ್ಥಿನಿ ವರ್ಷವಿಡೀ ಕೂಡಿಟ್ಟು ಆಮೇಲೆ ಪ್ರೋಗ್ರಾಮಿಂಗ್ ಕಲಿಯಲು ಕೂರುವುದಕ್ಕಾಗುತ್ತದೆಯೇ? ಅಲ್ಲದೆ ಕಂತಿನ ಇತಿಹಾಸವೇ ಈ ಉಪದೇಶಕ್ಕೆ ವಿರುದ್ಧವಾಗಿದೆ. 1856ರಲ್ಲಿ ಅಮೆರಿಕದ ಸಿಂಗರ್ ಕಂಪನಿ ಹೊಲಿಗೆ ಯಂತ್ರವನ್ನು ಕಂತಿಗೆ ಕೊಡತೊಡಗಿತು. ಅದೂ ಹಳತಾಗುವ, ಬೆಲೆ ಇಳಿಯುವ ವಸ್ತುವೇ. ಆದರೂ ಆ ಸಾಲ ಸರಿಹೊಂದುತ್ತಿತ್ತು, ಏಕೆಂದರೆ ಯಂತ್ರ ಮನೆಗೆ ಬಂದ ವಾರವೇ ಬಟ್ಟೆ ಹೊಲಿದು ಸಂಪಾದಿಸಬಹುದಿತ್ತು, ಆ ಸಂಪಾದನೆಯಿಂದಲೇ ಕಂತು ಕಟ್ಟಬಹುದಿತ್ತು.

ನನ್ನ ಮುಖ್ಯ ವಾದ ಇದೇ. ಸಾಲವನ್ನು ಅಳೆಯಬೇಕಾದದ್ದು ಬಡ್ಡಿಯಿಂದಲ್ಲ, ತಾರೀಖಿನಿಂದ. ವಸ್ತು ದುಡಿಯಲು ಯಾವಾಗ ತೊಡಗುತ್ತದೆ, ಕಂತು ಯಾವಾಗ ತೊಡಗುತ್ತದೆ? ಈಗಾಗಲೇ ಕೆಲಸ ಕೈಯಲ್ಲಿರುವ ವಿಡಿಯೊ ಎಡಿಟರ್‌ಗೆ ಬಲವಾದ ಯಂತ್ರ ಮುಂದಿನ ತಿಂಗಳಿಂದಲೇ ದುಡಿದು ಕೊಡುತ್ತದೆ. ಅಂಥವರಿಗೆ ನೋ ಕಾಸ್ಟ್ ಇಎಂಐ ಒಳ್ಳೆಯದೇ. ಒಡವೆ ಅಡವಿಡದೆ, ನೂರಕ್ಕೆ ಮೂರರ ಬಡ್ಡಿಗೆ ಕೈಚಾಚದೆ ಕೊಳ್ಳಬಹುದೆಂಬ ಅದರ ಗುಣವನ್ನೂ ಒಪ್ಪೋಣ. ಆದರೆ ಇಂಜಿನಿಯರಿಂಗಿಗೆ ಈಗಷ್ಟೇ ಸೇರಿದವಳಿಗೆ ಕಂತು ಬರುವ ತಿಂಗಳಿಂದ, ಸಂಬಳ ನಾಲ್ಕು ವರ್ಷದ ಮೇಲೆ. ನಡುವಿನ ಹೊರೆಯನ್ನು ಹೊರುವುದು ಅಪ್ಪನ ಓವರ್‌ಟೈಮ್, ಅಮ್ಮನ ಚೀಟಿ ಹಣ.

ಆ ತಾರೀಖನ್ನು ಗೌರವಿಸುವ ಸಾಲ ನಮ್ಮಲ್ಲೇ ಇದೆ. ಅದಕ್ಕೆ ಸಲ್ಲಬೇಕಾದ ಹೆಸರು ಸಂದಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೋರ್ಸಿಗೆ ಬೇಕಾದ ಕಂಪ್ಯೂಟರನ್ನು ಮಿತವಾದ ಬೆಲೆಯಲ್ಲಿ ಕೊಳ್ಳುವ ಖರ್ಚನ್ನೂ ಸೇರಿಸಲು ಅವಕಾಶವಿದೆ. ಮರುಪಾವತಿ ಆರಂಭವಾಗುವುದು ಕೋರ್ಸ್ ಮುಗಿದು ಒಂದು ವರ್ಷದ ಮೇಲೆ. ಇಲ್ಲಿ ಬಡ್ಡಿ ಉಂಟು, ಅದು ಎದುರಿಗೇ ಕಾಣುತ್ತದೆ, ಕಾಲೇಜಿನ ವರ್ಷಗಳಲ್ಲೂ ಬೆಳೆಯುತ್ತದೆ. ಹಾಗಿದ್ದರೂ ಸಣ್ಣ ಆದಾಯದ ಮನೆಗೆ ಬಡ್ಡಿಯಿಲ್ಲದ ಕಂತಿಗಿಂತ ಈ ಬಡ್ಡಿಯ ಸಾಲವೇ ಹಿತ.

ಬೆಲೆಯ ಮಾತೂ ಇದೆ. ಕಂತು ಎದುರಿಗಿದ್ದಾಗ 42,000ದ ಯಂತ್ರಕ್ಕೂ 72,000ದ ಯಂತ್ರಕ್ಕೂ ಇರುವ 30,000ದ ಅಂತರ ತಿಂಗಳಿಗೆ 2,500 ಆಗಿ ಕುಗ್ಗಿ ಕಾಣುತ್ತದೆ. ದುಬಾರಿಯದಕ್ಕೆ ಮನಸ್ಸು ಜಾರುವುದು ಅಲ್ಲಿಯೇ. ಕೋಡ್ ಬರೆಯಲು, ಪ್ರಾಜೆಕ್ಟ್ ವರದಿ ತಯಾರಿಸಲು 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಸಾಧಾರಣ ಯಂತ್ರ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳಿಂದ ಹೊರಬಂದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅದರ ಮುಂದಿನ ಆವೃತ್ತಿ ಓಡುವಂತೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ಮುಂದಿನದನ್ನೇ ಆರಿಸಬೇಕು. ಬ್ಯಾಟರಿ ಪರೀಕ್ಷಿಸಿ, ವಾರಂಟಿ ಬರೆಸಿಕೊಳ್ಳಬೇಕು.

ಕಾಲೇಜುಗಳೂ ಇಲ್ಲಿ ಒಂದು ಕೆಲಸ ಮಾಡಬೇಕು. ಕೋರ್ಸಿಗೆ ಬೇಕಾದ ಕನಿಷ್ಠ ಯಂತ್ರ ಯಾವುದೆಂದು ಪ್ರವೇಶದ ದಿನವೇ ಬರೆದು, ಮುದ್ರೆ ಒತ್ತಿ ಕೊಡಬೇಕು. ಆ ಒಂದು ಹಾಳೆ ಅಂಗಡಿಯಲ್ಲಿ ದುಬಾರಿ ಮಾದರಿಯ ಒತ್ತಾಯವನ್ನು ತಡೆಯುತ್ತದೆ, ಬ್ಯಾಂಕಿನಲ್ಲಿ ಶಿಕ್ಷಣ ಸಾಲಕ್ಕೆ ಆಧಾರವಾಗುತ್ತದೆ. ಅಲ್ಲಿಯವರೆಗೆ ಸಣ್ಣ ಆದಾಯದ ಮನೆಯವರಿಗೆ ನಾನು ಹೇಳುವುದಿಷ್ಟು: ಲ್ಯಾಪ್‌ಟಾಪ್ ಸಂಪಾದಿಸುವ ಮೊದಲೇ ಕಂತು ಕಟ್ಟಬೇಕಾಗಿ ಬಂದರೆ, ಬಡ್ಡಿ ಶೂನ್ಯವಾದರೂ ಸಹಿ ಹಾಕಬೇಡಿ.